ಗೋಡೆಯ ಮೇಲಿನ ಲಕ್ಷ್ಮಿ

ಹಳೆಯ ಕಾಗದಗಳ ನಡುವೆ ಒಂಬತ್ತನೆಯ ತರಗತಿಯ ಒಂದು ಉತ್ತರಪತ್ರಿಕೆ ಸಿಕ್ಕಿತು. ವಿಷಯ: ನಾನು ಮೆಚ್ಚಿದ ಚಿತ್ರ. ಬರೆದವಳು ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ಕ್ಯಾಲೆಂಡರಿನ ಲಕ್ಷ್ಮಿಯ ಸೀರೆಯ ಅಂಚು, ಸೆರಗು, ನೆರಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಗೆ ‘ಈ ಸೀರೆ ನೇಯ್ದವರು ಚಿತ್ರದಲ್ಲಿ ಯಾಕಿಲ್ಲ?’ ಎಂದು ಕೇಳಿದ್ದಾಳೆ. ನಾನು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಎರಡು ಅಂಕ ಕಳೆದಿದ್ದೇನೆ.

ಈಗ ಓದಿದರೆ, ವಿಷಯ ಬಿಟ್ಟವಳು ನಾನೇ. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವರ ಬಣ್ಣದ ಪಟಗಳು ಸಾಮಾನ್ಯರ ಮನೆಗೂ ಬಂದವು. ಲಕ್ಷ್ಮಿ ಎಂದೊಡನೆ ಇಂದಿಗೂ ನಮ್ಮ ಕಣ್ಣಿಗೆ ಕಟ್ಟುವುದು ಆ ಕಮಲ, ಆ ಸೀರೆ. ದಿನವೂ ಕೈಮುಗಿಯುತ್ತೇವೆ, ನೋಡುವುದಿಲ್ಲ. ಈ ಹುಡುಗಿ ನೋಡಿದ್ದಾಳೆ, ಅದೂ ಮಗ್ಗದ ಮನೆಯ ಕಣ್ಣಿನಿಂದ.

ಕೊರತೆಯೂ ಇದೆ. ಶಾಲೆಯಿಂದ ಹೋಗಿ ನೋಡಿದ ಸೂಡಿಯ ನಾಗಕುಂಡವನ್ನು ‘ನಯನಮನೋಹರ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದಾಳೆ. ಚಾಲುಕ್ಯರ ಕಾಲದ ಆ ಕಲ್ಲಿನ ಮುಂದೆ ಅವಳು ಹೇಳಿದ್ದು ನಾವು ಕಲಿಸಿದ ಮಾತು. ಗೋಡೆಯ ಪಟದ ಬಗ್ಗೆ ಯಾರೂ ಏನೂ ಕಲಿಸಿರಲಿಲ್ಲ. ಅಲ್ಲಿ ಅವಳದೇ ಮಾತು ಬಂತು.

ಗೆಳತಿಯರೇ, ಮಕ್ಕಳು ಮನೆಯ ಪಟ ತೋರಿಸಿ ಏನಾದರೂ ಕೇಳಿದರೆ ‘ಸುಮ್ನಿರವ್ವಾ’ ಎನ್ನಬೇಡಿ. ಆ ಎರಡು ಅಂಕ ಇನ್ನೂ ನನ್ನ ಮೇಲೆ ಬಾಕಿ ಇದೆ.