ವಿಶ್ರಾಂತಿಯ ಪ್ರವಾಸಕ್ಕೆ ಎಂತಹ ಗ್ರಂಥ?



ಬೇಸಗೆಯ ರಜೆಯಲ್ಲಿಯೋ ದಸರೆಯ ಬಿಡುವಿನಲ್ಲಿಯೋ ನಾಲ್ಕಾರು ದಿನಗಳ ಮಟ್ಟಿಗೆ ಊರು ಬಿಟ್ಟು ಮಲೆನಾಡಿಗೆ, ಕೊಡಗಿಗೆ, ಇಲ್ಲವೆ ಕಡಲತೀರಕ್ಕೆ ಹೋಗಿಬರುವುದು ಈಗ ನಮ್ಮ ಸದ್ಭಕ್ತರ ಅನೇಕ ಮನೆಗಳಲ್ಲಿ ವಾಡಿಕೆಯಾಗಿದೆ. ಇದು ತೀರ್ಥಯಾತ್ರೆಯಲ್ಲ, ದಣಿದ ದೇಹಕ್ಕೂ ಮನಸ್ಸಿಗೂ ವಿರಾಮವನ್ನು ದೊರಕಿಸಿಕೊಳ್ಳುವ ಪ್ರವಾಸ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆದರೆ ಉಡುವ ಬಟ್ಟೆ, ತೆಗೆದುಕೊಳ್ಳುವ ಔಷಧಿ, ಮಕ್ಕಳ ತಿಂಡಿತಿನಿಸು ಇವುಗಳನ್ನೆಲ್ಲ ಎಣಿಸಿ ಎಣಿಸಿ ಚೀಲ ತುಂಬುವವರು ಜೊತೆಗೊಯ್ಯುವ ಪುಸ್ತಕವನ್ನು ಮಾತ್ರ ಹೊರಡುವ ಗಳಿಗೆಯಲ್ಲಿ ಕೈಗೆ ಸಿಕ್ಕಿದಂತೆ ತುರುಕಿಕೊಳ್ಳುತ್ತಾರೆ. ಹಾಗೆ ಒಯ್ದ ಪುಸ್ತಕವು ಬಹುಮಟ್ಟಿಗೆ ಹೋದಂತೆಯೇ ಹಿಂದಿರುಗುತ್ತದೆ. ವರ್ಷಕ್ಕೊಮ್ಮೆ ಒದಗುವ ಬಿಡುವು ಹೀಗೆ ವ್ಯರ್ಥವಾಗುವುದು ಸಣ್ಣ ನಷ್ಟವಲ್ಲವಾದುದರಿಂದ, ಈ ಆಯ್ಕೆಯನ್ನು ಕುರಿತು ನಾಲ್ಕು ಮಾತು ವಿಚಾರಿಸುವುದು ಉಚಿತವೆಂದು ತೋರಿತು.

ಮೊದಲಿಗೆ ವಿಶ್ರಾಂತಿ ಎಂದರೇನೆಂಬುದನ್ನು ತಿಳಿಯಬೇಕು. ಕೆಲಸವಿಲ್ಲದೆ ಸುಮ್ಮನೆ ಬಿದ್ದಿರುವುದೇ ವಿಶ್ರಾಂತಿಯೆಂದು ಲೋಕರೂಢಿ. ಆದರೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಈ ಪದಕ್ಕೆ ಇನ್ನೂ ಆಳವಾದ ಅರ್ಥವುಂಟು. ಕಾಶ್ಮೀರದ ಶೈವಾಚಾರ್ಯನಾದ ಅಭಿನವಗುಪ್ತನು ಸುಮಾರು 1000 ವರ್ಷಗಳ ಹಿಂದೆ ಭರತನ ನಾಟ್ಯಶಾಸ್ತ್ರಕ್ಕೆ 'ಅಭಿನವಭಾರತಿ' ಎಂಬ ವ್ಯಾಖ್ಯಾನವನ್ನು ಬರೆದನು. ರಸಾನುಭವದ ಸ್ವರೂಪವನ್ನು ಹೇಳುವಾಗ ಆತನು ಬಳಸುವುದು ಈ ವಿಶ್ರಾಂತಿ ಎಂಬ ಶಬ್ದವನ್ನೇ. ಮುಂದೇನು, ಇನ್ನೇನು ಎಂದು ಮತ್ತೊಂದನ್ನು ಅರಸಿ ಓಡದೆ ಅರಿವು ತನ್ನಲ್ಲಿ ತಾನು ನೆಲೆನಿಲ್ಲುವ ಸ್ಥಿತಿಯೇ ವಿಶ್ರಾಂತಿ. ಈ ಅನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನೂ ಆತನು ಎಣಿಸಿದ್ದಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಮನೆಯ ಸಾಲ, ಮಗಳ ಮದುವೆ, ಮೇಲಧಿಕಾರಿಯ ಕೋಪ ಇವೇ ತಲೆಯಲ್ಲಿ ತುಂಬಿರುವವನಿಗೆ ರಂಗದ ಮೇಲಿನ ರಾಮನು ಕಾಣುವನೇ? ಅದಕ್ಕಾಗಿಯೇ ಗಾನ, ವಾದ್ಯ, ಅಲಂಕೃತವಾದ ಮಂಟಪ ಇವು ನಾಟ್ಯದಲ್ಲಿ ಸೇರಿಕೊಂಡಿವೆಯೆಂದು ಆಚಾರ್ಯನ ಅಭಿಪ್ರಾಯ.

ಈ ಮಾತನ್ನು ನಮ್ಮ ವಿಷಯಕ್ಕೆ ಅನ್ವಯಿಸಿಕೊಳ್ಳೋಣ. ಪ್ರವಾಸಹೋದ ತಾಣದ ಬೆಟ್ಟ, ಹೊಳೆ, ಮರದ ನೆರಳು ಇವು ಓದುಗನ ಪಾಲಿಗೆ ಆ ಮಂಟಪವಿದ್ದಂತೆ. ಮನೆಯಲ್ಲಿ ತೊಲಗದ ವಿಘ್ನವನ್ನು ಅವು ಸ್ವಲ್ಪಮಟ್ಟಿಗೆ ತೊಲಗಿಸಿಕೊಡುತ್ತವೆ. ಹಾಗೆ ಹಗುರಾದ ಮನಸ್ಸಿಗೆ ನೆಲೆನಿಲ್ಲಲು ಆಸರೆ ಕೊಡುವ ಗ್ರಂಥ ಯಾವುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಸಾಮಾನ್ಯವಾಗಿ ಎರಡು ಬಗೆಯ ಆಯ್ಕೆಗಳು ಕಂಡುಬರುತ್ತವೆ. ಒಂದನೆಯದು, ಬಸ್ ನಿಲ್ದಾಣದಲ್ಲಿ ಕೊಂಡ ಪತ್ತೇದಾರಿ ಕಾದಂಬರಿ. ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಎನ್. ನರಸಿಂಹಯ್ಯನವರಂತಹವರು ಪತ್ತೇದಾರಿ ಕಾದಂಬರಿಗಳ ಮೂಲಕವೇ ಕನ್ನಡನಾಡಿನ ಜನಸಾಮಾನ್ಯರಿಗೆ ಓದಿನ ರುಚಿ ಹತ್ತಿಸಿದರೆಂಬ ಉಪಕಾರವನ್ನು ಮರೆಯಲಾಗದು. ಆದರೆ ಕೊಲೆಗಾರನು ಯಾರೆಂಬ ಕುತೂಹಲದಿಂದ ಪುಟದ ಮೇಲೆ ಪುಟ ಮಗುಚುವಾಗ ಮನಸ್ಸು ಓಡುತ್ತಿರುತ್ತದೆಯೇ ಹೊರತು ನಿಲ್ಲುವುದಿಲ್ಲ. ಕಚೇರಿಯಲ್ಲಿ ಓಡಿದ ಮನಸ್ಸು ಇಲ್ಲಿಯೂ ಓಡಿತು. ದಾರಿ ಮಾತ್ರ ಬೇರೆ. ಗುಟ್ಟು ರಟ್ಟಾದ ಮೇಲೆ ಅಂತಹ ಪುಸ್ತಕವನ್ನು ಎರಡನೆಯ ಸಲ ತೆರೆಯುವವರು ವಿರಳ.

ಎರಡನೆಯ ಆಯ್ಕೆ ಇದಕ್ಕೆ ವಿರುದ್ಧವಾದುದು. ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ಹೆಬ್ಬೊತ್ತಗೆಯನ್ನು ಈ ಸಲವಾದರೂ ಓದಿ ಮುಗಿಸಿಬಿಡೋಣವೆಂದು ಹೊತ್ತೊಯ್ಯುವುದು. ನಮ್ಮ ಮಠದ ಪೂರ್ವ ವಿದ್ಯಾರ್ಥಿಗಳಲ್ಲಿ ಈ ಹಂಬಲವು ವಿಶೇಷವಾಗಿದೆ. 'ಶೂನ್ಯಸಂಪಾದನೆ'ಯನ್ನು ಗೋಕರ್ಣದ ಕಡಲದಂಡೆಗೆ ಕೊಂಡೊಯ್ದವರನ್ನು ನಾವು ಬಲ್ಲೆವು. ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಶರಣರ ಸಂವಾದರೂಪವಾದ ಆ ಗ್ರಂಥವು ಬಲ್ಲವರ ಸನ್ನಿಧಿಯಲ್ಲಿ ಕುಳಿತು, ಪ್ರಶ್ನಿಸಿ, ಮನನಮಾಡಿ ಅರಿಯತಕ್ಕದ್ದು. ಅದನ್ನು ಕರ್ತವ್ಯದ ಹೊರೆಯಾಗಿ ಹೊತ್ತವರು ಹತ್ತು ಪುಟಕ್ಕೆ ಆಕಳಿಸುತ್ತಾರೆ, ಆಕಳಿಸಿದುದಕ್ಕೆ ಮನಸ್ಸಿನಲ್ಲಿಯೇ ಕೊರಗುತ್ತಾರೆ. ಇದರಿಂದ ಗ್ರಂಥಕ್ಕೂ ನ್ಯಾಯ ಸಲ್ಲಲಿಲ್ಲ, ವಿಶ್ರಾಂತಿಯೂ ದೊರೆಯಲಿಲ್ಲ.

ಹಾಗಾದರೆ ಒಳ್ಳೆಯ ಆಯ್ಕೆಗೆ ಒರೆಗಲ್ಲು ಯಾವುದು? ನಮಗೆ ಮೂರು ಪ್ರಶ್ನೆಗಳು ಸಾಕೆನಿಸುತ್ತವೆ. ನಡುವೆ ಮಡಿಸಿಟ್ಟು ಎದ್ದು ಹೋಗಿ, ಮರಳಿ ಬಂದು ತೆರೆದಾಗ ಅದು ನಮ್ಮನ್ನು ಹಿಂದಿನಂತೆಯೇ ಬರಮಾಡಿಕೊಳ್ಳುವುದೇ? ಓದುತ್ತ ಓದುತ್ತ ಕಣ್ಣು ಪುಟದಿಂದ ಮೇಲೆದ್ದು ಎದುರಿನ ಗಿಡಮರ ಜನಗಳನ್ನು ಇನ್ನಷ್ಟು ಚೆನ್ನಾಗಿ ನೋಡುವಂತೆ ಅದು ಮಾಡುವುದೇ? ಒಮ್ಮೆ ಓದಿದವರನ್ನು ಅದು ಮತ್ತೊಮ್ಮೆ ಕರೆಯುವುದೇ? ಈ ಒರೆಗಲ್ಲಿಗೆ ಕನ್ನಡದ ಕೆಲವು ಕೃತಿಗಳನ್ನು ತಿಕ್ಕಿ ನೋಡೋಣ.

ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರಲ್ಲಿ ಬಂದ ಕಾದಂಬರಿ. ಗಾತ್ರದಲ್ಲಿ ಚಿಕ್ಕದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬನು ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆಗೆ ಅತಿಥಿಯಾಗಿ ಬಂದು ಕೆಲವು ದಿನ ಉಳಿಯುತ್ತಾನೆ. ಕಥೆಯೆಂದರೆ ಇಷ್ಟೇ. ಕಾಡು ಕಡಿದು ತೋಟ ಮಾಡಿದ ಆ ಮುದುಕನ ಉತ್ಸಾಹ, ಬಂದವರಿಗೆ ಬಡಿಸುವ ಆತನ ಸಂಭ್ರಮ, ಇವುಗಳ ಅಡಿಯಲ್ಲಿ ಮನೆ ಬಿಟ್ಟು ಹೋದ ಮಗನ ನೋವು ಮೆಲ್ಲಗೆ ಹರಿಯುತ್ತಿರುತ್ತದೆ. ದುಃಖವಿರುವ ಪುಸ್ತಕವು ವಿಶ್ರಾಂತಿಗೆ ಹೇಗೆ ಸಲ್ಲುವುದೆಂದು ನೀವು ಕೇಳಬಹುದು. ಕರುಣವೂ ಒಂದು ರಸವೇ ಅಲ್ಲವೇ? ಗೋಪಾಲಯ್ಯನವರ ದುಃಖವನ್ನು ನೋಡುವಾಗ ನಮ್ಮ ದುಃಖವು ನಮ್ಮದೊಂದೇ ಎಂಬ ಭಾವನೆ ಕರಗಿ ಮನಸ್ಸು ತಿಳಿಯಾಗುತ್ತದೆ. ದುಃಖವನ್ನು ಮರೆಸುವ ಪುಸ್ತಕವು ಮಾಡಲಾರದ ಕೆಲಸವನ್ನು ದುಃಖವನ್ನು ಅರಗಿಸಿಕೊಂಡ ಪುಸ್ತಕವು ಮಾಡಬಲ್ಲುದು. ನಿರೂಪಕನೂ ನಿಮ್ಮಂತೆಯೇ ನಾಲ್ಕು ದಿನದ ಅತಿಥಿಯಾದುದರಿಂದ ಮಲೆನಾಡಿಗೆ ಹೋಗುವವರಿಗೆ ಇದಕ್ಕಿಂತ ತಕ್ಕ ಸಂಗಾತಿಯನ್ನು ನಾವು ಕಾಣೆವು.

ಎರಡನೆಯ ಪ್ರಶ್ನೆಗೆ ಶ್ರೇಷ್ಠ ಉತ್ತರವೆಂದರೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. 1976ರಲ್ಲಿ ಪ್ರಕಟವಾದ ಈ ಗ್ರಂಥಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿನಲ್ಲಿ ಅಲೆಯುವ ವೃತ್ತಾಂತವಿದು. ಗಿಡದ ಲಕ್ಷಣ, ಅದರ ಹೆಸರಿನ ಹುಟ್ಟು, ಅದನ್ನು ನೆನೆದ ಕವಿಗಳು, ಹುಡುಗರ ಕೀಟಲೆ ಎಲ್ಲವೂ ಒಂದರೊಡನೊಂದು ಹೆಣೆದುಕೊಂಡಿವೆ. ಚಿತ್ರಗಳನ್ನು ಬಿಡಿಸಿದವರೂ ಲೇಖಕರೇ. ಅವರ ವಿನೋದವು ಕೆಲವೆಡೆ ಹರಿತವಾಗಿ ಎದುರಿನವರನ್ನು ಚುಚ್ಚುವುದುಂಟು. ಆ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇದರ ಒಂದು ಪ್ರಕರಣವನ್ನು ಓದಿ ಎದ್ದವರು ದಾರಿಯ ಬದಿಯ ಗಿಡವನ್ನು ಸುಮ್ಮನೆ ದಾಟಿಹೋಗಲಾರರು. ಬಾಗಿ ಎಲೆಯನ್ನು ಮುಟ್ಟಿ ನೋಡುವರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯದೆ ಒಯ್ಯಬೇಕು.

ಹೋಗುವ ಸ್ಥಳವನ್ನೇ ಕುರಿತ ಗ್ರಂಥವು ಯಾವಾಗಲೂ ಉತ್ತಮವೆಂಬ ಅಭಿಪ್ರಾಯವೊಂದಿದೆ. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಕೊಡಗಿಗೆ ಹೋಗುವವರಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಸೂಚಿಸುವುದು ಸಹಜ. 1956ರ ಈ ಕಾದಂಬರಿ ಕನ್ನಡದ ದೊಡ್ಡ ಕೃತಿಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಇದೇ ಮುಖ್ಯವಾಗಿ ನೆನೆಯಲ್ಪಟ್ಟಿತು. ಹಾಲೇರಿಯ ಅರಸರು ವೀರಶೈವರಾಗಿದ್ದುದರಿಂದ ನಮ್ಮ ವಾಚಕರಿಗೆ ಇದರಲ್ಲಿ ವಿಶೇಷ ಆಸಕ್ತಿಯೂ ಇರಬಹುದು. ಆದರೆ ಅರಸನ ವಿವೇಕಹೀನತೆ, ಕುಂಟ ಬಸವನ ತಂತ್ರ, ರಾಣಿ ಗೌರಮ್ಮನ ಸಂಕಟ, ಮಂತ್ರಿಗಳ ಧರ್ಮಸಂದೇಹ ಇವೆಲ್ಲ ಹೆಣೆದುಕೊಂಡು 1834ರಲ್ಲಿ ರಾಜ್ಯವು ಕುಂಪಣಿಯ ಪಾಲಾಗುವವರೆಗೆ ಸಾಗುವ ಈ ಕಥನವು ಎಡೆಬಿಡದ ಗಮನವನ್ನು ಬೇಡುತ್ತದೆ. ಎರಡು ದಿನದ ತಿರುಗಾಟದ ನಡುವೆ ತುಂಡುತುಂಡಾಗಿ ಓದಿದರೆ ಅದರ ಗಾಂಭೀರ್ಯವು ಕೈಗೆ ಸಿಕ್ಕುವುದಿಲ್ಲ. ಇದನ್ನು ಹೊರಡುವುದಕ್ಕೆ ಮುಂಚೆಯೇ ಮನೆಯಲ್ಲಿ ಓದಿ ಮುಗಿಸಿರಿ. ಆಮೇಲೆ ಮಡಿಕೇರಿಯ ಕೋಟೆಯ ಮುಂದೆ, ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಗದ್ದುಗೆಗಳ ಮುಂದೆ ನಿಂತಾಗ ಪುಸ್ತಕದ ಅಗತ್ಯವೇ ಇರುವುದಿಲ್ಲ. ಆಗಲೂ ಕಾದಂಬರಿಯ ಅರಸನು ಕವಿಯ ಸೃಷ್ಟಿ, ಚರಿತ್ರೆಯ ಅರಸನು ಬೇರೆ ವಿಚಾರಣೆಗೆ ಸೇರಿದವನು ಎಂಬ ಎಚ್ಚರವಿರಲಿ.

ಗಾತ್ರದ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) 700 ಪುಟಗಳಿಗೂ ಮೀರಿದ ಕಾದಂಬರಿ. ದಿನಕ್ಕೆ 50 ಪುಟ ಓದಿದರೂ 14 ದಿನ ಬೇಕು. ನಾಲ್ಕು ದಿನಕ್ಕೆ ಹೋದವರು ಅದನ್ನು ಮುಗಿಸುವ ಹಟ ತೊಟ್ಟರೆ ಆ ಕೃತಿಯ ಸ್ವಭಾವಕ್ಕೇ ದ್ರೋಹ ಬಗೆದಂತಾಗುವುದು. ಗುತ್ತಿಯೂ ಅವನ ನಾಯಿ ಹುಲಿಯನೂ ಕಾಡಿನಲ್ಲಿ ನಡೆಯುವಷ್ಟೇ ನಿಧಾನವಾಗಿ ಓದುಗನೂ ನಡೆಯಬೇಕು. ಐತ ಪೀಂಚಲು, ಮುಕುಂದಯ್ಯ ಚಿನ್ನಮ್ಮ ಮೊದಲಾದವರ ಬಾಳುಗಳಲ್ಲಿ ಯಾವುದನ್ನೂ ಹಿರಿದು ಕಿರಿದೆಂದು ಎಣಿಸದೆ ನೋಡಬೇಕು. ಈ ವರ್ಷ ಒಂದು ಭಾಗ, ಬರುವ ವರ್ಷ ಇನ್ನೊಂದು ಭಾಗ ಎಂದು ಓದಿದರೂ ನಷ್ಟವಿಲ್ಲ. ಮುಗಿಸುವ ಹಟವಿಲ್ಲದವರು ಮಾತ್ರ ಇದನ್ನು ಒಯ್ಯಲಿ.

ಕಾದಂಬರಿಯ ಒಲವಿಲ್ಲದವರಿಗೆ ಲಘುಪ್ರಬಂಧ ಮತ್ತು ಪ್ರವಾಸಕಥನಗಳಿವೆ. ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' ಸಂಕಲನದ ಪ್ರಬಂಧಗಳು ಒಂದೊಂದೂ ತಾನೇ ಪೂರ್ಣವಾದುವು. ಊಟಕ್ಕೆ ಕರೆ ಬರುವಷ್ಟರಲ್ಲಿ ಒಂದು ಮುಗಿದಿರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' (1979) ನಮ್ಮ ಹಳ್ಳಿಯ ಹಿರಿಯರೊಬ್ಬರು ಪರದೇಶವನ್ನು ಕಂಡ ಬಗೆ. ಅಲ್ಲಿಯ ಸಿರಿಗೆ ಬೆರಗಾಗದೆ, ಇಲ್ಲಿಯ ಬಡತನಕ್ಕೆ ನಾಚದೆ, ಎರಡನ್ನೂ ತೂಗಿ ನೋಡುವ ಹದವನ್ನು ಅದು ಕಲಿಸುತ್ತದೆ. ಹೊಸ ಊರಿಗೆ ಹೋದೊಡನೆ ಅಲ್ಲಿಯ ಊಟ ಸರಿಯಿಲ್ಲ, ರಸ್ತೆ ಸರಿಯಿಲ್ಲ ಎಂದು ಗೊಣಗುವ ಅಭ್ಯಾಸವುಳ್ಳವರಿಗೆ ಇದು ಪಥ್ಯವಾದ ಔಷಧ.

ವಚನಗಳನ್ನು ಒಯ್ಯಬೇಡವೇ ಎಂದು ಕೆಲವರು ಕೇಳಬಹುದು. ಅವಶ್ಯವಾಗಿ ಒಯ್ಯಿರಿ. ಮೊದಲನೆಯ ಪ್ರಶ್ನೆಗೆ ವಚನದಷ್ಟು ಸಮರ್ಥವಾದ ಉತ್ತರ ಬೇರೊಂದಿಲ್ಲ. ಪ್ರತಿಯೊಂದು ವಚನವೂ ತನ್ನಷ್ಟಕ್ಕೆ ಸಂಪೂರ್ಣ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಪುಣ್ಯದಿಂದ ಇಂದು ಅವು ಜೇಬಿನಲ್ಲಿ ಹಿಡಿಯುವ ಪುಸ್ತಕಗಳಾಗಿವೆ. ಆದರೆ ದಿನಕ್ಕೆ ನೂರು ವಚನ ಓದಿದೆವೆಂಬ ಲೆಕ್ಕ ಬೇಡ. ಬೆಳಗ್ಗೆ ಒಂದು, ಸಂಜೆ ಒಂದು ಓದಿ ನಡುವಿನ ಹೊತ್ತೆಲ್ಲ ಅದನ್ನು ಮೆಲುಕು ಹಾಕಿದರೆ ಸಾಕು.

ಇನ್ನು ಕೈಯಲ್ಲಿರುವ ಮೊಬೈಲಿನ ಮಾತು. ಸಾವಿರ ಪುಸ್ತಕಗಳನ್ನು ಅದರಲ್ಲಿಯೇ ತುಂಬಿಕೊಂಡು ಹೋಗಬಹುದೆಂಬುದು ನಿಜ; ಕಣ್ಣು ಮಂಜಾದವರಿಗೆ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲವೂ ಅದರಲ್ಲಿದೆ. ಆದರೆ ಪುಸ್ತಕವನ್ನು ತಂದ ಯಂತ್ರವೇ ಕಚೇರಿಯನ್ನೂ ಬಂಧುಗಳ ಜಗಳವನ್ನೂ ಪೇಟೆಯ ಸುದ್ದಿಯನ್ನೂ ಹಿಂದೆಯೇ ತರುತ್ತದೆ. ಅಭಿನವಗುಪ್ತನು ಹೇಳಿದ ವಿಘ್ನವನ್ನು ನಾವೇ ಕೈಯಲ್ಲಿ ಹಿಡಿದು ನಡೆದಂತೆ. ಆದುದರಿಂದ ಈ ನಾಲ್ಕು ದಿನಗಳಿಗಾದರೂ ಕಾಗದದ ಪುಸ್ತಕವೇ ಲೇಸು.

ಕಡೆಯದಾಗಿ ಒಂದು ಸೂಚನೆ. ಓದು ಒಬ್ಬರೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಾದುದು ಈಚೆಗೆ. ಶ್ರಾವಣದಲ್ಲಿ ಮಠದ ಅಂಗಳದಲ್ಲಿ ಒಬ್ಬರು ಪುರಾಣವನ್ನು ಹಾಡಿ, ಇನ್ನೊಬ್ಬರು ಅರ್ಥ ಹೇಳಿ, ಊರಿಗೆ ಊರೇ ಕೇಳುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೀರಿ. ಪ್ರವಾಸದ ಸಂಜೆ ಮನೆಮಂದಿಯೆಲ್ಲ ಒಂದೆಡೆ ಕುಳಿತಿರುವಾಗ ಗೊರೂರರ 'ಹಳ್ಳಿಯ ಚಿತ್ರಗಳು' ಪುಸ್ತಕದ ಒಂದು ಪ್ರಬಂಧವನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಿರುವ ಮೊಮ್ಮಗಳು ತಡವರಿಸುತ್ತ ಓದಿದರೂ ಚಿಂತೆಯಿಲ್ಲ. ತಪ್ಪು ಹಿಡಿಯದೆ ಕೇಳಿರಿ. ಅವಳ ನಾಲಗೆಗೆ ಕನ್ನಡದ ರುಚಿ ಹತ್ತಿದರೆ ಆ ಪ್ರವಾಸದ ಖರ್ಚೆಲ್ಲ ಸಾರ್ಥಕವಾದಂತೆ.

ಆದುದರಿಂದ ಹೊರಡುವ ಗಳಿಗೆಯಲ್ಲಿ ಕೈಗೆ ಸಿಕ್ಕಿದುದನ್ನು ಒಯ್ಯದಿರಿ. ಒಂದು ವಾರ ಮುಂಚಿತವಾಗಿ ಕಪಾಟಿನ ಮುಂದೆಯೋ ಗ್ರಂಥಾಲಯದಲ್ಲಿಯೋ ನಿಂತು, ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿಕೊಂಡು, ಒಂದು ಅಥವಾ ಎರಡು ಪುಸ್ತಕಗಳನ್ನು ಮಾತ್ರ ಆರಿಸಿರಿ. ಮೂರನೆಯದು ಬೇಡ, ಹೆಚ್ಚಿದ್ದಷ್ಟೂ ಮನಸ್ಸು ಒಂದರಿಂದ ಒಂದಕ್ಕೆ ಹಾರುವುದು. ಮರಳಿ ಬಂದ ಮೇಲೆ ಆ ಪುಸ್ತಕವನ್ನು ಓದುವ ನೆರೆಯವರಿಗೆ ಕೊಡಿರಿ, ಅವರು ಹಿಂದಕ್ಕೆ ಕೊಟ್ಟಾಗ ಅದನ್ನು ಕುರಿತು ಅರ್ಧ ಗಳಿಗೆ ಮಾತನಾಡಿರಿ. ನಾಲ್ಕು ದಿನದ ವಿಶ್ರಾಂತಿಯ ಫಲವು ಊರಿನ ದುಡಿಮೆಯ ದಿನಗಳಿಗೂ ಹೀಗೆ ಒದಗಿಬರಲೆಂದು ಹಾರೈಸುತ್ತೇವೆ.