ಬರಿದಾದ ಪೂಲ್ ಮತ್ತು ಮಿತಿ ಹೆಚ್ಚಿಸುವ ರೂಢಿ

ಡೇಟಾಬೇಸಿಗೆ ಪ್ರತಿ ಬಾರಿಯೂ ಹೊಸ ಸಂಪರ್ಕ ತೆರೆಯುವ ವೆಚ್ಚವನ್ನು ಉಳಿಸಲು, ಕೆಲವು ಸಂಪರ್ಕಗಳನ್ನು ತೆರೆದಿಟ್ಟುಕೊಂಡು, ಬಂದ ಕೋರಿಕೆಗೆ ಒಂದನ್ನು ಕೊಟ್ಟು, ಕೆಲಸ ಮುಗಿದೊಡನೆ ಹಿಂದಕ್ಕೆ ಪಡೆಯುವ ವ್ಯವಸ್ಥೆಗೆ ಕನೆಕ್ಷನ್ ಪೂಲ್ ಎಂದು ಹೆಸರು. ಅಪಾಚೆ ಟೊಮ್‌ಕ್ಯಾಟ್‌ನಂತಹ ಜಾವಾ ಸರ್ವರ್‌ಗಳಲ್ಲಿ ಈ ಪೂಲ್ ಬರಿದಾಗಿ ಅಪ್ಲಿಕೇಶನ್ ಸ್ತಬ್ಧವಾದಾಗ, ಗರಿಷ್ಠ ಮಿತಿಯನ್ನು ಏರಿಸಿ ಸರ್ವರನ್ನು ಮರುಚಾಲನೆ ಮಾಡುವ ರೂಢಿಯೊಂದು ಬೇರೂರಿದೆ; ಅದು ಬಹುಪಾಲು ಸಂದರ್ಭಗಳಲ್ಲಿ ದೋಷವನ್ನು ತಿದ್ದದೆ ಮುಂದೂಡುತ್ತದೆ.

ಈ ರೂಢಿಗೆ ಆಧಾರವೇ ಇಲ್ಲವೆನ್ನಲಾಗದು. ಟೊಮ್‌ಕ್ಯಾಟ್ 8ರಿಂದ ಪೂರ್ವನಿಯೋಜಿತವಾಗಿರುವ ಡಿಬಿಸಿಪಿ 2 ಪೂಲ್‌ನಲ್ಲಿ ಏನನ್ನೂ ಬದಲಿಸದಿದ್ದರೆ ಏಕಕಾಲಕ್ಕೆ 8 ಸಂಪರ್ಕಗಳಷ್ಟೇ ದೊರೆಯುತ್ತವೆ, ಆದರೆ ಕೋರಿಕೆಗಳನ್ನು ನಿರ್ವಹಿಸುವ ಥ್ರೆಡ್‌ಗಳ ಮಿತಿ 200. ಇದಕ್ಕಿಂತಲೂ ಆಕ್ಷೇಪಾರ್ಹವಾದುದು, ಸಂಪರ್ಕಕ್ಕಾಗಿ ಕಾಯುವ ಅವಧಿಗೆ ಅಲ್ಲಿ ಮಿತಿಯೇ ಇಲ್ಲದಿರುವುದು. ಲಾಗ್‌ನಲ್ಲಿ ಒಂದು ದೋಷಸಂದೇಶವೂ ಮೂಡದೆ ಥ್ರೆಡ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಹಿಕಾರಿಸಿಪಿ ಎಂಬ ಇನ್ನೊಂದು ಪೂಲ್ 30 ಸೆಕೆಂಡುಗಳಲ್ಲಿ ಸೋಲನ್ನು ಒಪ್ಪಿಕೊಂಡು ದೋಷ ತೋರಿಸುವುದು ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದ ವಿನ್ಯಾಸ.

ಸಂಪರ್ಕ ಸೋರುತ್ತಿರುವಲ್ಲಿ, ಎಂದರೆ ನಡುವೆ ದೋಷವೊಂದು ಎದ್ದು ಅದನ್ನು ಹಿಂದಿರುಗಿಸುವ ಸಾಲಿಗೆ ಪ್ರೋಗ್ರಾಮ್ ತಲುಪದೇ ಹೋಗುವಲ್ಲಿ, 8ನ್ನು 80 ಮಾಡಿದರೆ ಅದೇ ಸ್ಥಗಿತ ತಡವಾಗಿ ಬರುತ್ತದೆ, ಅಷ್ಟೆ. ಸೋರಿಕೆಯೋ ನಿಧಾನವಾದ ಕ್ವೆರಿಯೋ ಎಂಬುದನ್ನು ಊಹಿಸಬೇಕಾಗಿಯೂ ಇಲ್ಲ: ಪೂಲ್ ಬರಿದಾಗಿರುವಾಗಲೇ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ನೋಟದಲ್ಲಿ ಸಂಪರ್ಕಗಳೆಲ್ಲ ‘ಆ್ಯಕ್ಟಿವ್’ ಎಂದಿದ್ದರೆ ಕ್ವೆರಿಗಳನ್ನು ಪರಿಶೀಲಿಸಬೇಕು, ‘ಐಡಲ್’ ಅಥವಾ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿದ್ದರೆ ಅವನ್ನು ಹಿಡಿದಿಟ್ಟುಕೊಂಡ ಅಪ್ಲಿಕೇಶನ್ನನ್ನೇ ಶಂಕಿಸಬೇಕು. ಮರುಚಾಲನೆ ಅಳಿಸಿಹಾಕುವುದು ಈ ಸಾಕ್ಷ್ಯವನ್ನೇ.

ಸೋರಿಕೆಯಿಲ್ಲದೆಯೂ ಪೂಲ್ ಸಿಕ್ಕಿಬೀಳುವ ಬಗೆಯೊಂದಿದೆ. ಒಂದು ವಹಿವಾಟಿನೊಳಗೆ ಮತ್ತೊಂದು ಸ್ವತಂತ್ರ ವಹಿವಾಟನ್ನು ತೆರೆಯುವ ಥ್ರೆಡ್‌ಗೆ ಏಕಕಾಲಕ್ಕೆ ಎರಡು ಸಂಪರ್ಕಗಳು ಬೇಕು. 10 ಸಂಪರ್ಕಗಳ ಪೂಲ್‌ನಲ್ಲಿ 10 ಥ್ರೆಡ್‌ಗಳು ಒಂದೊಂದನ್ನು ಹಿಡಿದು ಎರಡನೆಯದಕ್ಕೆ ಕಾದರೆ ಯಾವುದೂ ಮುಂದುವರಿಯದು. ಇಲ್ಲಿ ಮಾತ್ರ ಮಿತಿಯ ಏರಿಕೆ ನಿಜವಾದ ಪರಿಹಾರ, ಅದೂ ಎಣಿಕೆಯಿಂದ ಹೇಳಬಹುದಾದಷ್ಟು: 11 ಇದ್ದರೆ ಒಂದು ಥ್ರೆಡ್ಡಾದರೂ ಕೆಲಸ ಮುಗಿಸಿ ಉಳಿದವಕ್ಕೆ ದಾರಿ ಬಿಡುತ್ತದೆ.

ಬಹುಕಾಲ ಹಿಂದಿರುಗದ ಸಂಪರ್ಕವನ್ನು ಬಲವಂತವಾಗಿ ಕಿತ್ತುಕೊಳ್ಳುವ ‘ರಿಮೂವ್ ಅಬ್ಯಾಂಡನ್ಡ್’ ಸೌಲಭ್ಯವನ್ನು ಶಾಶ್ವತ ಚಿಕಿತ್ಸೆಯೆಂದು ಭಾವಿಸುವುದೂ ಸರಿಯಲ್ಲ, ಏಕೆಂದರೆ ಡೇಟಾಬೇಸನ್ನು ಮುಟ್ಟದೆ ದೀರ್ಘ ಲೆಕ್ಕಾಚಾರದಲ್ಲಿ ತೊಡಗಿರುವ ಸಾಚಾ ಕೆಲಸದ ಕೈಯಿಂದಲೂ ಅದು ಸಂಪರ್ಕವನ್ನು ಕಸಿಯಬಲ್ಲದು. ಸಂಪರ್ಕ ಪಡೆದ ಪ್ರೋಗ್ರಾಮಿನ ಸಾಲನ್ನು ಲಾಗ್‌ಗೆ ಬರೆಸುವ ಅದರ ಜೊತೆಗಾರ ಆಯ್ಕೆಗೆ ಮಾತ್ರ ನಿಜವಾದ ಬೆಲೆಯಿದೆ.

ಮಿತಿಯನ್ನು ಏರಿಸುತ್ತ ಹೋದಂತೆ ಹೊರೆ ಡೇಟಾಬೇಸಿಗೆ ವರ್ಗಾವಣೆಯಾಗುತ್ತದೆ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆಯನ್ನು ನಡೆಸುತ್ತದೆ, ಅದರ ಪೂರ್ವನಿಯೋಜಿತ ಮಿತಿ 100. ತಲಾ 50ರ ಪೂಲ್ ಇರುವ ನಾಲ್ಕು ಸರ್ವರ್‌ಗಳು ಒಟ್ಟಾಗಿ ತುಂಬಿಕೊಂಡಾಗ, ದೋಷ ಹುಡುಕಲು ಬರುವ ನಿರ್ವಾಹಕನಿಗೆ ಉಳಿದಿರುವುದು ಸೂಪರ್‌ಯೂಸರ್‌ಗೆಂದು ಕಾದಿರಿಸಿದ 3 ಸಂಪರ್ಕಗಳು ಮಾತ್ರ.