ವೀರಗಲ್ಲೂ ಛಾಯಾಪಟವೂ

ಈಚೆಗೆ ಶಿಕಾರಿಪುರ ಸೊರಬ ಸೀಮೆಯ ಕೆಲವರು ತರುಣ ಮಿತ್ರರು ಕೂಡಿ, ತಮ್ಮ ಎರಡು ತಾಲ್ಲೂಕುಗಳ ಊರುಗಳನ್ನೂ ಜನರನ್ನೂ ಕುರಿತ ಛಾಯಾಚಿತ್ರಗಳನ್ನು ಒಂದೆಡೆ ಸಂಗ್ರಹಿಸುವ ಕಾರ್ಯಕ್ಕೆ ಕೈಹಾಕಿದ್ದಾರೆ. ಸಂಗ್ರಹದ ಮೊದಲನೆಯ ಕಂತನ್ನು ಒಂದು ಶಾಲೆಯ ಕೊಠಡಿಯಲ್ಲಿ ಎರಡು ದಿನ ತೂಗುಹಾಕಿದ್ದರು. ನಮ್ಮನ್ನೂ ಕರೆದಿದ್ದರು; ಹೋಗಿ ನೋಡಿ ಬಂದೆವು. ಹೊರಡುವಾಗ, “ನಾಲ್ಕು ಮಾತು ಬರೆದು ಕೊಡಿ, ಹೊಗಳಿಕೆ ಮಾತ್ರ ಬೇಡ” ಎಂದು ಅವರೇ ಕೇಳಿಕೊಂಡದ್ದರಿಂದ ಈ ವಿಮರ್ಶೆಯನ್ನು ಬರೆಯುವ ಧೈರ್ಯ ಬಂದಿದೆ. ಊರವರೇ ಕೂಡಿ ಇಂಥ ಕೆಲಸ ಮಾಡುವುದು ಈ ಮಿತ್ರರಿಗೆ ಹೊಸದು. ಹೊಸ ಕೆಲಸದಲ್ಲಿ ತಪ್ಪು ಸಹಜವೇ ಸರಿ. ಆದರೆ ಮೊದಲನೆಯ ವರ್ಷದ ತಪ್ಪು ಎರಡನೆಯ ವರ್ಷಕ್ಕೆ ಪದ್ಧತಿಯಾಗಿ ನಿಂತುಬಿಡುವುದುಂಟು. ಆದಕಾರಣ ಈಗಲೇ ಹೇಳುವುದು ಲೇಸು.

ಕೊಠಡಿಯ ಮೂರು ಗೋಡೆಗಳ ಮೇಲೆ ಹೊಸದಾಗಿ ತೆಗೆದ ಚಿತ್ರಗಳಿದ್ದವು: ಬಳ್ಳಿಗಾವೆಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಕೋಟಿಪುರದ ಕೈಟಭೇಶ್ವರ, ಚಂದ್ರಗುತ್ತಿಯ ಬೆಟ್ಟ, ಗುಡವಿಯ ಕೆರೆಯ ಮೇಲೆ ಹಕ್ಕಿಗಳ ಹಿಂಡು, ಅಂಜನಾಪುರದ ಜಲಾಶಯದಲ್ಲಿ ಸೂರ್ಯಾಸ್ತ, ಹೋರಿಹಬ್ಬದ ಧೂಳಿನಲ್ಲಿ ಕೊಂಬೆತ್ತಿ ಓಡುವ ಒಂದು ಹೋರಿ. ನಾಲ್ಕನೆಯ ಗೋಡೆಯ ಒಂದು ಮೂಲೆಯಲ್ಲಿ, ಮನೆಮನೆಗಳಿಂದ ಎರವು ತಂದ ಹಳೆಯ ಪಟಗಳ ಪ್ರತಿಗಳನ್ನು, ಸ್ಥಳ ಉಳಿಯಿತೆಂಬಂತೆ, ಅಂಟಿಸಿದ್ದರು. ನೋಡಲು ಬಂದ ಜನ ಮೂರು ಗೋಡೆಗಳ ಮುಂದೆ ಮರ್ಯಾದೆಯಿಂದ ನಡೆದು, ಆ ಮೂಲೆಗೆ ಬಂದೊಡನೆ ನಿಂತುಬಿಡುತ್ತಿದ್ದರು. ಅಲ್ಲಿಂದ ಅವರನ್ನು ಕದಲಿಸುವುದೇ ಕಷ್ಟವಾಗಿತ್ತು. ನಾವು ಹೇಳಬೇಕಾದುದನ್ನು ಅರ್ಧದಷ್ಟು ಆ ಜನರೇ ಹೇಳಿದರೆನ್ನಬೇಕು.

ಹೊಸ ಚಿತ್ರಗಳು ಕೆಟ್ಟವೆಂದು ನಮ್ಮ ಅಭಿಪ್ರಾಯವಲ್ಲ. ಹೋರಿಯ ಚಿತ್ರವಂತೂ ಬಹಳ ಚೆನ್ನಾಗಿತ್ತು. ಆದರೆ ಗುಡಿಗಳ ಚಿತ್ರಗಳನ್ನು ಕಂಡಾಗ, ಇವರು ತಮ್ಮ ಹಿಂದೆ ನಡೆದುಹೋದ ಕೆಲಸವನ್ನು ನೆನೆದಿದ್ದಾರೆಯೇ ಎಂಬ ಸಂದೇಹ ಬಂದಿತು. ಈ ಸೀಮೆಗೆ ಕ್ಯಾಮರಾ ಬಂದದ್ದು ನಿನ್ನೆಯಲ್ಲ. ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಮೈಸೂರು ಸರ್ಕಾರಕ್ಕಾಗಿ 1865ರಲ್ಲಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಬಳ್ಳಿಗಾವೆಯ ಕಲ್ಲುಗಳ ಪಾಲು ದೊಡ್ಡದು. ಆ ಪಟಗಳ ಆಧಾರದಿಂದಲೇ ರೈಸ್ ಮಹಾಶಯರು 1879ರಲ್ಲಿ ಮೈಸೂರಿನ ಶಾಸನಗಳ ಅನುವಾದವನ್ನು ಹೊರತಂದರು. ಆಮೇಲೆ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಿಕಾರಿಪುರದ ಶಾಸನಗಳು ಏಳನೆಯ ಸಂಪುಟವಾಗಿ 1902ರಲ್ಲಿಯೂ, ಸೊರಬದವು ಎಂಟನೆಯ ಸಂಪುಟವಾಗಿ 1904ರಲ್ಲಿಯೂ ಬಂದವು. ಡಿಕ್ಸನ್ನನ ಕಾಲದಲ್ಲಿ ಬಳಕೆಯಲ್ಲಿದ್ದ ಕ್ರಮವೆಂದರೆ, ಗಾಜಿನ ಫಲಕಕ್ಕೆ ದ್ರವವನ್ನು ಸವರಿ, ಅದು ಒದ್ದೆಯಾಗಿರುವಾಗಲೇ ಚಿತ್ರವನ್ನು ಹಿಡಿದು, ಅಲ್ಲಿಯೇ ಕತ್ತಲೆಯ ಡೇರೆಯೊಳಗೆ ಅದನ್ನು ತೊಳೆಯುವುದು. ಆ ಡೇರೆಯನ್ನು ಹೊತ್ತವರು, ಕೆರೆಯಿಂದ ನೀರು ತಂದವರು, ಕಲ್ಲಿನ ಪಾಚಿಯನ್ನು ಉಜ್ಜಿದವರು ಇದ್ದಿರಲೇಬೇಕು. ಕಲ್ಲು ಉಳಿಯಿತು, ದೊರೆಯ ಹೆಸರು ಉಳಿಯಿತು. ಇವರು ಯಾರೂ ಪಟದೊಳಗೂ ಇಲ್ಲ, ಪಟದ ಹೊರಗೂ ಇಲ್ಲ.

ಜನರನ್ನು ಪಟದಲ್ಲಿ ಹಿಡಿಯುವ ಕೆಲಸವೂ ಆ ಕಾಲದಲ್ಲೇ ನಡೆಯಿತು. ವಾಟ್ಸನ್ ಮತ್ತು ಕೇ ಎಂಬವರು ಸಂಪಾದಿಸಿ 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ‘ದಿ ಪೀಪಲ್ ಆಫ್ ಇಂಡಿಯ’ ಎಂಬ ಗ್ರಂಥದಲ್ಲಿ ನಮ್ಮ ದೇಶದ ನೂರಾರು ಮುಖಗಳಿವೆ. ಬಹುಮಟ್ಟಿಗೆ ಆ ಮುಖಗಳ ಕೆಳಗಿರುವುದು ಜಾತಿಯ ಹೆಸರು, ಕುಲದ ಹೆಸರು, ಇಲ್ಲವೆ ಕಸುಬಿನ ಹೆಸರು, ಕುಳಿತಿರುವ ಮನುಷ್ಯನದಲ್ಲ. ಅವರು ಪರದೇಶದವರು, ಆಳುವವರು, ಅವರಿಗೆ ಬೇಕಾದದ್ದು ಅಷ್ಟೇ ಎಂದು ಸುಮ್ಮನಾಗಬಹುದು. ಆದರೆ ನಾವು ನೋಡಿದ ಕೊಠಡಿಯಲ್ಲಿ ಒಂದು ಹೊಸ ಚಿತ್ರವಿತ್ತು: ಚಾಪೆಯ ಮೇಲೆ ಕುಳಿತು, ಗಂಧದ ಪೆಟ್ಟಿಗೆಯ ಮುಚ್ಚಳದಲ್ಲಿ ಬಳ್ಳಿಯನ್ನು ಕೊರೆಯುತ್ತಿರುವ ಒಬ್ಬ ವೃದ್ಧರು. ಬೆಳಕು ಬೆರಳಿನ ಮೇಲೂ ಉಳಿಯ ಮೊನೆಯ ಮೇಲೂ ಬಿದ್ದಿದೆ. ತೆಗೆದವನ ಕಣ್ಣು ಒಳ್ಳೆಯದು. ಅದರ ಕೆಳಗೆ ಬರೆದದ್ದು “ಸೊರಬದ ಗುಡಿಗಾರ” ಎಂಬ ಎರಡು ಪದ. ಆ ವೃದ್ಧರ ಮನೆ ಇದೇ ಊರಿನ ಎರಡು ಬೀದಿಗಳಾಚೆ ಎಂದು ಆಮೇಲೆ ಕೇಳಿ ತಿಳಿದೆವು. ನಡೆದುಹೋಗಿ ಹೆಸರು ಕೇಳುವಷ್ಟು ದೂರದಲ್ಲಿರುವ ಮನುಷ್ಯನನ್ನು ‘ಗುಡಿಗಾರ’ ಎಂದು ಬಿಟ್ಟರೆ, ವಾಟ್ಸನ್ ಮಹಾಶಯನನ್ನು ಆಕ್ಷೇಪಿಸುವ ಅಧಿಕಾರ ನಮಗೆಲ್ಲಿ ಉಳಿಯಿತು? “ಹಳ್ಳಿಯ ಸೊಬಗು”, “ದುಡಿಯುವ ಕೈಗಳು”, “ಅಂದಿನ ಮಹಿಳೆಯರು” ಎಂಬ ಅಡಿಬರಹಗಳೂ ಇದೇ ಜಾತಿಯವು. ಕವಿತೆಗೆ ಇವು ಸಲ್ಲಬಹುದು. ಊರಿನ ದಾಖಲೆಗೆ ಸಲ್ಲವು.

ಇನ್ನೊಂದು ಚಿತ್ರವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದು ಒಂದು ವೀರಗಲ್ಲಿನದು. ನಡುಹಗಲಿನ ಬಿಸಿಲಿನಲ್ಲಿ ತೆಗೆದದ್ದರಿಂದ ಕಲ್ಲು ಚಪ್ಪಟೆಯಾಗಿ ಕಾಣುತ್ತಿತ್ತು. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಅಕ್ಷರದ ಅಂಚು ನೆರಳು ಚೆಲ್ಲುತ್ತದೆ, ಆಗ ಸವೆದ ಬರಹವೂ ಓದಿಗೆ ಸಿಕ್ಕುತ್ತದೆ. ಇದನ್ನು ಶಾಸನಗಳ ಬೆನ್ನುಹತ್ತಿದವರೆಲ್ಲರೂ ಬಲ್ಲರು. ಅದು ಹೋಗಲಿ. ಛಾಯಾಗ್ರಾಹಕರು ಮೇಲಿನ ಶಿಲ್ಪವು ಅಂದವಾಗಿ ನಡುವೆ ಬರಲೆಂದು, ಕೆಳಗಿನ ಬರಹದ ಪಟ್ಟಿಕೆಯನ್ನು ಚೌಕಟ್ಟಿನ ಹೊರಗೆ ಕತ್ತರಿಸಿಬಿಟ್ಟಿದ್ದರು. ವೀರನಿದ್ದಾನೆ, ಅವನ ಹೆಸರಿಲ್ಲ.

ವೀರಗಲ್ಲೆಂಬುದು ಎಂಥ ವಸ್ತು ಎಂಬುದನ್ನು ನೆನೆದರೆ ಈ ತಪ್ಪಿನ ತೂಕ ತಿಳಿಯುತ್ತದೆ. ಈ ಎರಡು ತಾಲ್ಲೂಕುಗಳಲ್ಲಿ ಕೆರೆಯ ಏರಿ, ಗುಡಿಯ ಅಂಗಳ, ಗದ್ದೆಯ ಬದು ಎಲ್ಲೆಲ್ಲಿಯೂ ಅವು ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವಣದರಲ್ಲಿ ಸತ್ತವನನ್ನು ಕರೆದೊಯ್ಯುವ ದೇವಾಂಗನೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಅಂಕಣಗಳ ನಡುವಣ ಪಟ್ಟಿಕೆಯಲ್ಲಿ ಬರಹ: ಆಳುತ್ತಿದ್ದ ಅರಸು ಯಾರು, ಶಕವರ್ಷ ಯಾವುದು, ಊರು ಯಾವುದು, ತುರುಗೋಳೋ ಪೆಣ್ಬುಯ್ಯಲೋ ಜಗಳದ ಕಾರಣ ಯಾವುದು, ಬಿದ್ದವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು. ಹಸು ಕಾಯ್ದು ಸತ್ತ ಒಬ್ಬ ಸಾಮಾನ್ಯನಿಗೂ ಅರಸನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ದೊರಕಿತು. ಚಿತ್ರವೂ ಅಡಿಬರಹವೂ ಒಂದೇ ಕಲ್ಲಿನಲ್ಲಿ ಕೂಡಿರುವ ಇಂಥ ದಾಖಲೆಯನ್ನು ಮನೆಬಾಗಿಲಲ್ಲಿಟ್ಟುಕೊಂಡ ಜನಕ್ಕೆ, ಛಾಯಾಪಟದ ಕೆಳಗೆ ಏನು ಬರೆಯಬೇಕೆಂಬುದನ್ನು ಹೊರಗಿನಿಂದ ಕಲಿಸಬೇಕಾಗಿಲ್ಲ.

ಮಾಡಿದವನ ಹೆಸರನ್ನು ಹೇಳುವುದೂ ಇಲ್ಲಿಯದೇ ಮರ್ಯಾದೆ. ತಾಳಗುಂದದ ಕಂಬದ ಮೇಲಿನ ಕದಂಬರ ಕಾವ್ಯಶಾಸನದಲ್ಲಿ ಕುಬ್ಜನೆಂಬ ಕವಿ ತನ್ನ ಹೆಸರನ್ನು ಇಟ್ಟುಹೋಗಿದ್ದಾನೆ. ಬಳ್ಳಿಗಾವೆಯಿಂದ ಬೇಲೂರಿಗೆ ಹೋಗಿ ಚೆನ್ನಕೇಶವನ ಗುಡಿಯಲ್ಲಿ ವಿಗ್ರಹಗಳನ್ನು ಕಡೆದ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದರು. ದಾಸೋಜನು ತನ್ನ ಊರನ್ನೂ ಮರೆಯಲಿಲ್ಲ. ಇಂಥ ಊರಿನ ಚಿತ್ರಸಂಗ್ರಹದಲ್ಲಿ, ತೆಗೆದವರ ಹೆಸರಿಲ್ಲದ ಪಟಗಳು ಅರ್ಧದಷ್ಟಿದ್ದವು ಎಂದರೆ ವಾಚಕರಿಗೆ ಆಶ್ಚರ್ಯವಾಗಬೇಕು. ಹಳೆಯ ಪಟಗಳ ಹಿಂದೆ ಸ್ಟುಡಿಯೋದ ಮೊಹರಿರುವುದುಂಟು. ಪ್ರತಿ ತೆಗೆಯುವವರು ಮುಂಭಾಗವನ್ನು ಮಾತ್ರ ತೆಗೆದು ಹಿಂಭಾಗವನ್ನು ತಿರುಗಿಸಿಯೂ ನೋಡಿರಲಿಲ್ಲ.

ಈಗ ಆ ಮೂಲೆಯ ಸಂಗತಿ. ಒಂದು ಮದುವೆಯ ಗುಂಪಿನ ಪಟದ ಮುಂದೆ ಒಬ್ಬ ಮುದುಕಿ ನಿಂತಿದ್ದರು. ನಮ್ಮ ಮಿತ್ರರಲ್ಲೊಬ್ಬನು ಹತ್ತಿರ ಹೋಗಿ, “ಅಜ್ಜೀ, ಇದರಲ್ಲಿ ಯಾರಾದರೂ ಗೊತ್ತೇ?” ಎಂದು ಕೇಳಿದನು. “ಗೊತ್ತಿಲ್ಲದೆ ಏನಪ್ಪಾ! ಇವಳು ನಮ್ಮ ದೊಡ್ಡಮ್ಮನ ಸೊಸೆ. ಇವಳಿಗೆ ಹೊಸ ಸೀರೆ ಇರಲಿಲ್ಲ, ನನ್ನ ಅಕ್ಕನದು ಉಟ್ಟುಕೊಂಡು ನಿಂತಳು. ಅದಕ್ಕೇ ನೋಡು, ಮುಖ ಸಣ್ಣಗೆ ಮಾಡಿದ್ದಾಳೆ” ಎಂದರು. ಆ ಮುಖವನ್ನು ಅದುವರೆಗೆ ನಾವೂ ನೋಡಿದ್ದೆವು. ಹಳೆಯ ಕಾಲದವರು ಕ್ಯಾಮರಾದ ಮುಂದೆ ನಗುತ್ತಿರಲಿಲ್ಲವೆಂದು ಪಾಂಡಿತ್ಯದಿಂದ ತೀರ್ಮಾನಿಸಿದ್ದೆವು. ಪಟವು ತಾನಾಗಿ ಎಂದೂ ಹೇಳಲಾರದ ಮಾತು ಅದು. ಅದನ್ನು ಹೇಳಬಲ್ಲವರು ಒಬ್ಬರಿದ್ದರು, ಅವರು ಅಂದು ಬಂದಿದ್ದರು. ದುಃಖದ ಸಂಗತಿಯೇನೆಂದರೆ ಅದನ್ನು ಬರೆದುಕೊಳ್ಳಲು ಅಲ್ಲಿ ಒಂದು ಪುಸ್ತಕವಿರಲಿಲ್ಲ. ಹುಡುಗನು ತನ್ನ ಮೊಬೈಲಿನಲ್ಲಿ ಅಜ್ಜಿಯ ಪಟವನ್ನು ತೆಗೆದುಕೊಂಡನು, ಮಾತನ್ನು ಬಿಟ್ಟನು.

ನಾವು ಇದನ್ನು ಇಷ್ಟು ಕಟುವಾಗಿ ಹೇಳುವುದಕ್ಕೆ ಮನೆಯ ಕಾರಣವೂ ಒಂದುಂಟು. ನಮ್ಮಲ್ಲಿ ಒಂದು ದೊಡ್ಡ ಪಟವಿದೆ. ಅದರಲ್ಲಿ ಇಪ್ಪತ್ತಮೂರು ತಲೆಗಳು. ಎಲ್ಲರನ್ನೂ ಬಲ್ಲವರು ನಮ್ಮ ಸೋದರತ್ತೆ ಒಬ್ಬರೇ. ಬರುವ ಬೇಸಗೆಯಲ್ಲಿ ಬರೆದುಕೊಂಡರಾಯಿತೆಂದು ನಾಲ್ಕು ಬೇಸಗೆಗಳನ್ನು ಕಳೆದೆವು. ಐದನೆಯದಕ್ಕೆ ಅತ್ತೆ ಇರಲಿಲ್ಲ. ಈಗ ನಮಗೆ ತಿಳಿದಿರುವ ಹೆಸರುಗಳು ಏಳು. ಸಾಲದೆಂಬಂತೆ, ಮಲೆನಾಡಿನ ಮಳೆಗಾಲದ ತೇವಕ್ಕೆ ಗಾಜಿಗೆ ಅಂಟಿಕೊಂಡಿದ್ದ ಆ ಪಟವನ್ನು ಬಿಡಿಸಹೋಗಿ ಎಡಗಡೆಯ ಎರಡು ಮುಖಗಳ ಮೈಯನ್ನು ನಾವೇ ಕಿತ್ತೆವು. ಅಂಟಿದ ಪಟವನ್ನು ಬಿಡಿಸಬಾರದು. ಗಾಜಿನ ಮೇಲಿಂದಲೇ, ಮಿಂಚುದೀಪವಿಲ್ಲದೆ, ಬಾಗಿಲ ಬಳಿಯ ತಂಪು ಬೆಳಕಿನಲ್ಲಿ, ಎದುರಿಗೆ ಒಂದು ಕಪ್ಪು ಬಟ್ಟೆಯನ್ನು ಹಿಡಿದು ಪ್ರತಿ ತೆಗೆಯಬೇಕು. ನಾವು ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ.

ಹೆಂಗಸರ ಹೆಸರುಗಳ ವಿಷಯದಲ್ಲಿ ಅಲಕ್ಷ್ಯ ಇನ್ನೂ ಹೆಚ್ಚು. ಮೂಲೆಯ ಪಟಗಳಲ್ಲಿ ಹೆಸರು ಬರೆದಿದ್ದ ಕಡೆಯೂ ಗಂಡಸರಿಗೆ ಹೆಸರು, ಹೆಂಗಸರಿಗೆ “ಅವರ ಪತ್ನಿ”, “ಸೊಸೆಯಂದಿರು” ಎಂದಿತ್ತು. ಶಿಕಾರಿಪುರದ ತಾಲ್ಲೂಕಿನವರಿಗೆ ಈಸೂರನ್ನು ನೆನಪುಮಾಡಿಕೊಡಬೇಕಾಗಿಲ್ಲ. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿದ ಆ ಊರಿನ ಐವರು 1943ರ ಮಾರ್ಚಿಯಲ್ಲಿ ಗಲ್ಲಿಗೇರಿದರು; ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಹೆಸರುಗಳನ್ನು ಮಕ್ಕಳೂ ಹೇಳುತ್ತಾರೆ. ಅದೇ ಪ್ರಕರಣದಲ್ಲಿ ಸೆರೆಮನೆಗೆ ಹೋದ ಹೆಂಗಸರ ಹೆಸರುಗಳನ್ನು ಅಷ್ಟು ಸಲೀಸಾಗಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅವರ ಮುಖಗಳನ್ನು ಬಲ್ಲವರು? ಈಸೂರಿನ ಮನೆಗಳ ಗೂಡುಗಳನ್ನೂ ಟ್ರಂಕುಗಳನ್ನೂ ಕೇಳದೆ ಈ ಸಂಗ್ರಹವು ಸೂರ್ಯಾಸ್ತದ ಹಿಂದೆ ಹೋದದ್ದು ನಮಗೆ ಸರಿಯೆನಿಸಲಿಲ್ಲ. ಹಾಗೆಯೇ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯಿಂದ ಎದ್ದುಬಂದ ಕುಟುಂಬಗಳು ಈ ಜಿಲ್ಲೆಯಲ್ಲಿ ಚೆದರಿ ನೆಲಸಿವೆ. ಬಿಟ್ಟುಬಂದ ಮನೆಯ ಜಗಲಿ ಅಂಥವರಿಗೆ ಪಟದಲ್ಲಿ ಉಳಿದಿದ್ದರೆ ಉಳಿದಿರಬೇಕು, ನೆಲದ ಮೇಲೆ ಇಲ್ಲ.

ಬೇರೆ ದೇಶಗಳಲ್ಲಿ ಇಂಥ ಕಾರ್ಯ ಹೇಗೆ ನಡೆಯಿತೆಂಬುದನ್ನು ಮಿತ್ರರು ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಬೆಂಜಮಿನ್ ಸ್ಟೋನ್ ಎಂಬಾತನು 1897ರಲ್ಲಿ ಒಂದು ಸಂಘವನ್ನು ಕಟ್ಟಿ, ಹವ್ಯಾಸಿಗಳಿಂದ ಹಳೆಯ ಕಟ್ಟಡಗಳ, ಹಬ್ಬಗಳ ಪಟಗಳನ್ನು ತರಿಸಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದನು. ಪಟಗಳು ಭದ್ರವಾಗಿ ಉಳಿದವು. ಊರುಗಳಿಂದ ದೂರವಾಗಿಯೂ ಉಳಿದವು. ಅದಕ್ಕಿಂತ ನಮಗೆ ಹತ್ತಿರದ ಮಾದರಿಯೆಂದರೆ ಕಠ್ಮಂಡುವಿನಲ್ಲಿ 2011ರಲ್ಲಿ ಆರಂಭವಾದ ನೇಪಾಳ ಪಿಕ್ಚರ್ ಲೈಬ್ರರಿ. ಅಲ್ಲಿ ಸಂಗ್ರಹದ ಮುಖ್ಯ ದ್ರವ್ಯವೇ ಮನೆಗಳ ಪಟಗಳು. ನಮ್ಮ ನಾಡಿನಲ್ಲಿಯೂ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯುತ್ತಿದೆ. ಶಿಕಾರಿಪುರ ಸೊರಬಗಳ ವೀರಗಲ್ಲುಗಳಿಗೆ ಅಂಥ ಉಪಚಾರ ಬೇಕು. ಆದರೆ ಅದು ಬೇರೆ ಕೆಲಸ, ಬೇರೆಯವರ ಕೆಲಸ. ಒಂದು ತಂಡ ಮೊದಲನೆಯ ವರ್ಷದಲ್ಲೇ ಎರಡಕ್ಕೂ ಕೈಚಾಚಿದರೆ ಎರಡೂ ಕೈಗೆ ಬಾರವು.

ಇನ್ನು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಮನೆಯ ಹೆಣ್ಣುಮಕ್ಕಳ, ತೀರಿಹೋದವರ ಪಟಗಳನ್ನು ಶಾಲೆಯ ಗೋಡೆಗೆ ಹಾಕುವುದು ಮರ್ಯಾದೆಯೇ ಎಂದು ಹಿರಿಯರೊಬ್ಬರು ಅಲ್ಲಿ ಕೇಳಿದರು. ಪ್ರಶ್ನೆ ಉಚಿತವಾದದ್ದು. ಕೊಟ್ಟವರ ಒಪ್ಪಿಗೆಯನ್ನು ಪಟವೊಂದಕ್ಕೊಂದರಂತೆ ಕೇಳಬೇಕು; “ಬರೆದಿಡಿ, ತೂಗುಹಾಕಬೇಡಿ” ಎಂದವರ ಮಾತನ್ನು ನಡೆಸಬೇಕು; ಮೊಬೈಲಿನಲ್ಲಿ ಊರೂರಿಗೆ ಕಳುಹಿಸುವುದಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಎರವು ತಂದ ಪಟವನ್ನು ತಂದ ದಿನವೇ ಹಿಂದಿರುಗಿಸಿ, ಜೊತೆಗೆ ಒಂದು ಒಳ್ಳೆಯ ಪ್ರತಿಯನ್ನೂ ಮನೆಯವರಿಗೆ ಕೊಟ್ಟರೆ, ಎರಡನೆಯ ಸಲ ಹೋದಾಗ ಟ್ರಂಕಿನ ತಳದಲ್ಲಿರುವುದೂ ಹೊರಬರುತ್ತದೆ. ಮೆದುವಾದ ಸೀಸದ ಕಡ್ಡಿಯಿಂದ ಪಟದ ಹಿಂದೆ ಒಂದು ಅಂಕಿ. ಆ ಅಂಕಿಗೆ ಸರಿಯಾಗಿ ಪುಸ್ತಕದಲ್ಲಿ ಒಂದು ಪುಟ. ಎಡದಿಂದ ಬಲಕ್ಕೆ ಸಾಲುಸಾಲಾಗಿ ಹೆಸರುಗಳು, ಊರು, ಸಂದರ್ಭ, ಹೇಳಿದವರು ಯಾರು, ತೆಗೆದವರು ಯಾರು; ಮತ್ತು ಸೀರೆಯ ಮಾತಿನಂಥ ಮಾತುಗಳು, ಹೇಳಿದವರು ಹೇಳಿದಂತೆಯೇ. ಕ್ಯಾಮರಾ ಹಿಡಿಯುವವರು ಇಬ್ಬರು ಸಾಕು. ಬರೆದುಕೊಳ್ಳುವವರು ಹತ್ತು ಮಂದಿ ಬೇಕು. ಮೊದಲನೆಯ ಕಂತಿನಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು.

ಎರಡನೆಯ ಕಂತು ಮಳೆಗಾಲ ಕಳೆದ ಮೇಲೆಂದು ಮಿತ್ರರು ಹೇಳಿದ್ದಾರೆ. ಆ ಅಜ್ಜಿಯ ಮನೆಗೆ ಮಾತ್ರ ಮಳೆಗಾಲಕ್ಕೆ ಮುಂಚೆಯೇ ಪುಸ್ತಕ ಹಿಡಿದು ಹೋಗಬೇಕೆಂದು ಕೇಳಿಕೊಂಡಿದ್ದೇವೆ. ನಮ್ಮ ಮನೆಯ ಪಟವನ್ನೂ ಅವರಿಗೆ ಕೊಟ್ಟಿದ್ದೇವೆ. ಎರಡನೆಯ ಸಾಲಿನಲ್ಲಿ ಬಲಗಡೆಯಿಂದ ಮೂರನೆಯವಳು, ಕೈಯಲ್ಲಿ ಮಗುವನ್ನೆತ್ತಿಕೊಂಡು ಪಕ್ಕಕ್ಕೆ ನೋಡುತ್ತಿರುವವಳು, ಯಾರೆಂದು ಬಲ್ಲವರು ವಾಚಕರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.